ಫಕ್ಕೀರವ್ವನ ಹದಿನಾಲ್ಕು ಸಾವಿರ ಹೆಜ್ಜೆ

ಬ್ಯಾಡಗಿ ಬಸ್ ಸ್ಟ್ಯಾಂಡಿನ ಎದುರಿಗೆ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ ಕೊಟ್ರೇಶನಿಗೆ ನಲವತ್ತು ದಾಟಿದರೂ ಒಂದು ಚಟ ಬಿಟ್ಟಿರಲಿಲ್ಲ. ಗುಟ್ಕಾ ಅಲ್ಲ, ಇಸ್ಪೀಟೂ ಅಲ್ಲ. ಮುಂದಿನ ವರ್ಷ ಬರೋ ಫೋನು, ಅದರ ಮುಂದಿನ ವರ್ಷ ಬರೋ ವಾಚು, ಇವುಗಳ ಬಗ್ಗೆ ಮಾತಾಡೋ ಚಟ. ಚಾರ್ಜರ್ ಕೊಳ್ಳಲು ಬಂದವರು ಅವನ ಮಾತು ಕೇಳುತ್ತ ಕೂತು, ಚಹಾ ಕುಡಿದು, ಬಸ್ಸು ತಪ್ಪಿಸಿಕೊಂಡು, ಕೊನೆಗೆ ಚಾರ್ಜರನ್ನೇ ಮರೆತು ಹೋಗುತ್ತಿದ್ದರು.

"ಐದು ನ್ಯಾನೋಮೀಟರ್ ಇದ್ದದ್ದು ಮೂರಾತು, ಮೂರು ಇದ್ದದ್ದು ಎರಡಾತು," ಎಂದು ಶುರು ಹಚ್ಚುತ್ತಿದ್ದ. "ಎರಡು ಅಂದ್ರ ಎಷ್ಟು ಗೊತ್ತೇನ್ರಿ? ತಲಿಗೂದಲಾ ಒಂದು ತಗೊಂಡು ನಲವತ್ತು ಸಾವಿರ ಸೀಳು ಸೀಳ್ರಿ. ಅದರಾಗ ಒಂದು ಸೀಳಿನಷ್ಟು! ಅಂಥಾ ಚಿಪ್ ಇದ್ದ ಮ್ಯಾಲೆ ವಾಚಿಗೆ ಚಾರ್ಜರ್ ಯಾಕ ಬೇಕು? ಮೈ ಬಿಸಿಗೇ ಚಾರ್ಜ್ ಆಗ್ತೈತಿ."

"ಸೀಳೂದು ಆಮ್ಯಾಲೆ ಸೀಳುವಂತಿ, ಮೊದಲ ನಿನ್ನ ತಲ್ಯಾಗ ಒಂದು ಕೂದಲಾ ಹುಡುಕು," ಎನ್ನುತ್ತಿದ್ದ ಪಕ್ಕದ ಚಹಾದಂಗಡಿಯ ಅಲ್ಲಾಬಕ್ಷ. ಕೂತವರೆಲ್ಲ ಹೋ ಎಂದು ನಗುತ್ತಿದ್ದರು. ಕೊಟ್ರೇಶನೂ ಬೋಳುತಲೆ ಸವರಿಕೊಂಡು ನಗುತ್ತಿದ್ದ.

ಇಷ್ಟೇ ಆಗಿದ್ದರೆ ಯಾರಿಗೇನು ನಷ್ಟ? ಆದರೆ ಮಾತಿನ ಭರಾಟೆಯಲ್ಲಿ ಪುಣ್ಯಾತ್ಮನಿಗೆ ಬಂದದ್ದು ಯಾವುದು, ಬರೋದು ಯಾವುದು ಅನ್ನೋದು ಕಲಸಿಹೋಗುತ್ತಿತ್ತು. ಇನ್ನೂ ಮೂರು ವರ್ಷಕ್ಕೋ ಐದು ವರ್ಷಕ್ಕೋ ಬಂದರೆ ಬರಬಹುದಾದದ್ದನ್ನು ನಿನ್ನೆಯೇ ಬಂದು ತನ್ನ ಕಪಾಟಿನಲ್ಲಿ ಕೂತಿದೆ ಎನ್ನುವಂತೆ ಹೇಳಿಬಿಡುತ್ತಿದ್ದ. ಸುಳ್ಳು ಹೇಳಬೇಕು ಅಂತಲ್ಲ, ಆ ಖುಷಿಯಲ್ಲಿ ಹಾಗೆ ಬರುತ್ತಿತ್ತು. ಇದೇ ಖುಷಿಯಲ್ಲೇ ಅವನು ದೀಪಾವಳಿಗೆ ತನ್ನ ಸೋದರತ್ತೆ ಫಕ್ಕೀರವ್ವನ ಕೈಗೆ ಒಂದು ಸ್ಮಾರ್ಟ್ ವಾಚು ಕಟ್ಟಿದ್ದು.

ಫಕ್ಕೀರವ್ವನಿಗೆ ಅರವತ್ತೊಂದು ವರ್ಷ. ಸಿದ್ದಲಿಂಗಪ್ಪನವರ ಮೆಣಸಿನಕಾಯಿ ಗೋದಾಮಿನಲ್ಲಿ ಮೂವತ್ತು ವರ್ಷದಿಂದ ಕಾಯಿಯ ತುಂಬು ಮುರಿಯುವ ಕೆಲಸ. ತುಂಬು ಅಂದರೆ ತೊಟ್ಟು. ಆದರೆ ಅವಳ ಹೆಸರು ಇದ್ದದ್ದು ಬರೀ ತುಂಬು ಮುರಿಯೋದರಲ್ಲಿ ಅಲ್ಲ, ಕಾಯಿ ಆರಿಸೋದರಲ್ಲಿ. ರಾಶಿಯ ಮೇಲೆ ಒಮ್ಮೆ ಕಣ್ಣಾಡಿಸಿದರೆ ಸಾಕು, ಬಣ್ಣ ಬಿಟ್ಟ ಕಾಯಿ, ಬಿಳಿಚಿದ ಕಾಯಿ ಅವಳ ಕೈಗೆ ತಾನಾಗಿ ಬರುತ್ತಿತ್ತು. "ಫಕ್ಕೀರವ್ವನ ಕಣ್ಣಿಂದ ದಾಟಿದ ಮಾಲಿಗೆ ಮರುಮಾತಿಲ್ಲ," ಎಂದು ಸಿದ್ದಲಿಂಗಪ್ಪನವರು ಬಂದವರ ಮುಂದೆಲ್ಲ ಹೇಳುತ್ತಿದ್ದರು.

ಈಗ ಆ ಕಣ್ಣಿಗೇ ಪೊರೆ ಬಂದಿತ್ತು. ಎರಡೂ ಕಣ್ಣಿಗೆ. ಹಾವೇರಿಯ ಕಣ್ಣಿನ ಡಾಕ್ಟರು, "ಆಪರೇಷನ್ ಮಾಡಿದರೆ ಮೊದಲಿನಂಗ ಕಾಣಸ್ತೈತಿ. ಆದ್ರ ನಿಮ್ಮ ಸಕ್ಕರಿ ಇಷ್ಟು ಇದ್ದಾಗ ನಾ ಕೈ ಹಚ್ಚೂದಿಲ್ಲ. ಮೂರು ತಿಂಗಳ ಸಕ್ಕರಿ ಎಂಟರ ಒಳಗ ಬರಬೇಕು. ಗುಳಿಗಿ ತಗೋರಿ, ಸಿಹಿ ಬಿಡ್ರಿ, ದಿನಾ ಆರು ಸಾವಿರ ಹೆಜ್ಜಿ ನಡೀರಿ," ಎಂದಿದ್ದರು. ಅದಕ್ಕೇ ಹೆಜ್ಜೆ ಎಣಿಸುವ ಈ ವಾಚು.

"ಅತ್ತಿ, ಇದರಾಗ ಎಂಥಾ ಚಿಪ್ ಐತಿ ಅಂತೀ! ನೀ ಕೂತ್ರ ಗೊತ್ತಾಗ್ತೈತಿ, ನಿಂತ್ರ ಗೊತ್ತಾಗ್ತೈತಿ. ಮನಿಷಾ ಸುಳ್ಳ ಹೇಳಬಹುದು, ಇದು ಹೇಳೂದಿಲ್ಲ," ಎಂದಿದ್ದ ಕೊಟ್ರೇಶ.

ಎಡಗೈಯಲ್ಲಿ ತವರಿನ ಪಾಟ್ಲಿ ಬಳೆ ಇತ್ತು, ಅದಕ್ಕೆ ಬಲಗೈಗೆ ಕಟ್ಟಿಸಿಕೊಂಡಳು. ತಿರುಗಿಸಿ ಮುರುಗಿಸಿ ನೋಡಿ, "ಇದರ ಮಾರಿ ಮ್ಯಾಲೆ ದೇವರಗುಡ್ಡದ ನಮ್ಮ ಮೈಲಾರಲಿಂಗನ ಫೋಟೋ ಬರ್ತೈತೇನೋ?" ಎಂದು ಕೇಳಿದಳು.

ಬರುತ್ತಿರಲಿಲ್ಲ. ಅದು ಅಗ್ಗದ ವಾಚು, ನಮ್ಮ ಫೋಟೋ ಹಾಕುವ ಸೌಲಭ್ಯ ಅದರಲ್ಲಿ ಇರಲೇ ಇಲ್ಲ. ಆದರೆ ಅತ್ತೆಯ ಮುಖ ನೋಡಿ ಕೊಟ್ರೇಶನಿಗೆ ಇಲ್ಲ ಅನ್ನಲು ನಾಲಿಗೆ ಬರಲಿಲ್ಲ. ವಾಚಿನಲ್ಲೇ ಇದ್ದ ಚಿತ್ರಗಳಲ್ಲಿ ಒಂದು ಹಳದಿ ಚೆಂಡುಹೂವಿನದು ಇತ್ತು. ಅದನ್ನೇ ಹಾಕಿ, "ಬರ್ತೈತಿ, ನೋಡು," ಎಂದ. ಪೊರೆಗಣ್ಣಿಗೆ ಹಳದಿ ಕಂಡಿತು. ಅವಳಿಗೆ ಅದು ಮೈಲಾರಲಿಂಗನ ಭಂಡಾರದ ಅರಿಸಿನ. "ಏಳುಕೋಟಿ!" ಎಂದು ವಾಚನ್ನು ಕಣ್ಣಿಗೆ ಒತ್ತಿಕೊಂಡಳು. ಕೊಟ್ರೇಶನಿಗೆ ಎದೆಯೊಳಗೆ ಚುಳುಕ್ ಎಂದಿತು. ಆದರೂ ಖರೇ ಹೇಳಲಿಲ್ಲ. ಮುಂದಿನ ವರ್ಷ ಹೊಸ ವಾಚು ಬಂದಾಗ ಖರೇ ಫೋಟೋ ಹಾಕಿಕೊಟ್ಟರಾಯಿತು ಅಂತ.

ಮೂರು ತಿಂಗಳು ಫಕ್ಕೀರವ್ವ ರಾಣಿಯಂತೆ ಮೆರೆದಳು. ದಿನಕ್ಕೆ ಹನ್ನೆರಡು ಸಾವಿರ, ಹದಿಮೂರು ಸಾವಿರ, ಒಂದೊಂದು ದಿನ ಹದಿನಾಲ್ಕು ಸಾವಿರ ಹೆಜ್ಜೆ! ಡಾಕ್ಟರು ಹೇಳಿದ್ದಕ್ಕಿಂತ ಎರಡು ಪಟ್ಟು. ಇನ್ನು ಬೆಳಗಿನ ವಾಕಿಂಗ್ ಯಾಕೆ ಅಂತ ಅದನ್ನೂ ಬಿಟ್ಟಳು. ಸಂಕ್ರಾಂತಿ ಮುಗಿದು ಹಾವೇರಿಗೆ ಹೋಗಿ ರಕ್ತ ಕೊಟ್ಟರೆ, ಮೊದಲು ಒಂಬತ್ತು ಇದ್ದದ್ದು ಒಂಬತ್ತೂವರೆ ಆಗಿತ್ತು.

ಡಾಕ್ಟರು ವಾಚು ನೋಡಿದರು, ಕಾಗದ ನೋಡಿದರು. "ಇಷ್ಟು ನಡದೂ ಸಕ್ಕರಿ ಏರೇತಿ ಅಂದ್ರ, ಯವ್ವಾ, ಬಾಯಿ ಕಟ್ಟಿಲ್ಲ ನೀವು," ಎಂದರು. ಜೊತೆಗೆ ಹೋಗಿದ್ದ ಸೊಸೆ ನಿರ್ಮಲಾ ಬಸ್ಸಿನಲ್ಲಿ ಬಾಯಿಬಿಟ್ಟು ಅಂದೇಬಿಟ್ಟಳು: "ಅತ್ತೀ, ಡಬ್ಬಿಯೊಳಗಿನ ಬೆಲ್ಲಾ ಕಡಿಮಿ ಆಗಾಕತ್ತಿದ್ದು ನಾ ಇಲಿ ಅಂತ ತಿಳದಿದ್ನಿರಿ." ಫಕ್ಕೀರವ್ವ ಮೋಟೆಬೆನ್ನೂರು ದಾಟುವವರೆಗೂ ಕಿಟಕಿ ಕಡೆ ಮುಖ ಮಾಡಿ ಅತ್ತಳು. ಬೆಲ್ಲ ಅವಳು ಮುಟ್ಟಿರಲಿಲ್ಲ. ಖರೇನೇ ಮುಟ್ಟಿರಲಿಲ್ಲ.

ಈ ಸುದ್ದಿ ಕೇಳಿ ಕೊಟ್ರೇಶನಿಗೆ ತಲೆ ಬಿಸಿಯಾಯಿತು. ಎರಡು ದಿನ ಬಿಟ್ಟು, ರಿಪೇರಿ ಮಾಡಿದ ಫೋನು ಕೊಡುವ ನೆವದಲ್ಲಿ ಗೋದಾಮಿಗೆ ಹೋದ. ಒಳಗೆ ಕಾಲಿಡುತ್ತಲೇ ಘಾಟಿಗೆ ನಾಲ್ಕು ಸೀನು ಸೀನಿದ. ಕೆಂಪು ರಾಶಿಯ ಸುತ್ತ ಇಪ್ಪತ್ತು ಹೆಂಗಸರು ಗೋಣಿಚೀಲ ಹಾಸಿಕೊಂಡು ಕೂತಿದ್ದರು. ನಡುವೆ ಫಕ್ಕೀರವ್ವ. ಕಾಯಿ ಎತ್ತಿ, ಟಕ್ ಎಂದು ತುಂಬು ಮುರಿದು, ಆಚೆ ಒಗೆಯೋದು. ಎತ್ತು, ಟಕ್, ಒಗೆ. ಎತ್ತು, ಟಕ್, ಒಗೆ. ಬಲಗೈ ಒಂದೇ ಲಯದಲ್ಲಿ ಆಡುತ್ತಿತ್ತು. ಅವನು ನೋಡುತ್ತಿದ್ದಂತೆಯೇ ವಾಚು ಗುಂಯ್ ಎಂದು ನಡುಗಿತು, ಗಾಜಿನ ಮೇಲೆ ಬಣ್ಣಬಣ್ಣದ ಪಟಾಕಿ ಹಾರಿದವು.

"ಹತ್ತು ಸಾವಿರಾತು ನೋಡ್ರೆವಾ!" ಎಂದು ಪಕ್ಕದ ಹುಸೇನಬಿ ಕೂಗಿದಳು. ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು. ಫಕ್ಕೀರವ್ವ ಕೂತಲ್ಲೇ ಕೂತು ಹೆಮ್ಮೆಯಿಂದ ತಲೆಯ ಸೆರಗು ಸರಿಮಾಡಿಕೊಂಡಳು.

ಕೊಟ್ರೇಶ ಅವಳ ಬಲಗೈಯನ್ನೇ ನೋಡಿದ. ಅಯ್ಯೋ ಶಿವನೇ! ಮುರಿದ ಒಂದೊಂದು ತುಂಬನ್ನೂ ಈ ದರಿದ್ರ ವಾಚು ಹೆಜ್ಜೆ ಅಂತ ಎಣಿಸಿತ್ತು. ಅವಳ ವಾಚಿಗೆ ಜೋಡಿಸಿದ್ದ ಫೋನಿನಲ್ಲಿ ಲೆಕ್ಕ ತೆಗೆದು ನೋಡಿದರೆ ಬೆಳಿಗ್ಗೆ ಆರರಿಂದ ಏಳರವರೆಗೆ ಸಾವಿರ ಹೆಜ್ಜೆ. ಅದು ರೊಟ್ಟಿ ಬಡಿದದ್ದು.

ಅವತ್ತು ಸಂಜೆ ಅವಳ ಮನೆಗೇ ಹೋದ. ಫಕ್ಕೀರವ್ವನನ್ನೂ ನಿರ್ಮಲಾಳನ್ನೂ ಕೂಡಿಸಿಕೊಂಡು ಎಲ್ಲ ಹೇಳಿದ. ಕೈಯ ಅಲುಗಾಟ ಯಾವುದು, ಕಾಲಿನ ನಡಿಗೆ ಯಾವುದು ಅಂತ ಸರಿಯಾಗಿ ಬೇರೆ ಮಾಡುವ ಚಿಪ್ಪು ಈ ವಾಚಿನಲ್ಲಿ ಇಲ್ಲ, ಇದೆ ಎಂದು ತಾನು ಬಾಯಿಗೆ ಬಂದಂತೆ ಹೇಳಿದ್ದು ಎಂದ.

"ಅಂದ್ರ ಮೂರು ತಿಂಗಳಿಂದ ನಾ ನಡದೇ ಇಲ್ಲ?" ಎಂದಳು ಫಕ್ಕೀರವ್ವ.

"ಇಲ್ಲತ್ತಿ. ತಪ್ಪು ನಂದು. ಬರೂದನ್ನ ಬಂದೈತಿ ಅಂತ ಹೇಳಿದ್ನಿ."

"ಇಕಿ ನನ್ನ ಬೆಲ್ಲದ ಕಳ್ಳಿ ಮಾಡಿದ್ಲು. ಹಂಗ ಅನಸ್ಕೊಳ್ಳೂದಕ್ಕ ಹಚ್ಚಿದಾಂವ ನೀನು." ನಿರ್ಮಲಾ ತಲೆ ತಗ್ಗಿಸಿ, "ತಪ್ಪಾತ್ರಿ ಅತ್ತಿ," ಎಂದು ಅವಳ ಕೈ ಹಿಡಿದುಕೊಂಡಳು. ಫಕ್ಕೀರವ್ವ ಕೈ ಬಿಡಿಸಿಕೊಳ್ಳಲಿಲ್ಲ. ಕೊಟ್ರೇಶನ ಕಡೆ ತಿರುಗಿದಳು. "ಕೊಟ್ರೇಶ, ನಾ ಈಗ ಕಾಯಿ ಕಣ್ಣಿಲೆ ಆರ್ಸಾಕತ್ತಿಲ್ಲೋ. ಕೈಲೆ ತಡವಿ ಆರ್ಸಾಕತ್ತೇನಿ. ಅನುಮಾನ ಬಂದ್ರ ಹುಸೇನಬಿ ಮೊಳಕೈಲೆ ತಿವಿದು ಹೇಳ್ತಾಳ. ಹ್ವಾದ ವಾರ ಬಿಳಿ ಕಾಯಿ ನಾಕು ದಾಟಿ ಹೋದವು. ಸಿದ್ದಲಿಂಗಪ್ಪನವರು ಏನೂ ಅನಲಿಲ್ಲ, ಸುಮ್ಮನ ನನ್ನ ಮಾರಿ ನೋಡಿದ್ರು. ಅವರು ಬೈದಿದ್ರ ಚಲೋ ಇತ್ತು."

ಕೊಟ್ರೇಶ ಮುಂದೆ ಸರಿದು ಕೂತ. ಏನಾದರೂ ಮಾಡಬೇಕಲ್ಲ ಅಂತ ಗಡಿಬಿಡಿಯಲ್ಲಿ, "ಅತ್ತಿ, ಒಂದು ಉಪಾಯ ಐತಿ. ವಾಚನ್ನ ಕಾಲಿಗೆ ಕಟ್ಟಿಬಿಡೂಣು. ಆಗ ಬರೀ ನಡದದ್ದು ಎಣಿಸ್ತೈತಿ," ಎಂದ.

ಫಕ್ಕೀರವ್ವ ಎದ್ದೇ ನಿಂತಳು. "ಏನಂದೀ? ಮೈಲಾರಲಿಂಗನ್ನ ಕಾಲಿಗೆ ಕಟ್ಟಲೇನೋ, ಮಂಗ್ಯಾ?"

ಅದು ದೇವರಲ್ಲ, ಚೆಂಡುಹೂವು ಎಂದು ಹೇಳಲು ಇದಕ್ಕಿಂತ ಒಳ್ಳೆಯ ಹೊತ್ತು ಇನ್ನೊಂದು ಸಿಗುತ್ತಿರಲಿಲ್ಲ. ಕೊಟ್ರೇಶ ಬಾಯಿ ತೆರೆದ. ಆದರೆ ಒಂದೇ ದಿನ ಎರಡು ಸುಳ್ಳು ಒಪ್ಪಿಕೊಳ್ಳುವಷ್ಟು ಎದೆ ಅವನಿಗೆ ಇರಲಿಲ್ಲ. ಬಾಯಿ ಮುಚ್ಚಿದ. ಅವಳು ವಾಚು ಬಿಚ್ಚಿ ಅವನ ಅಂಗೈಗೆ ಹಾಕಿದಳು. "ನಿನ್ನ ಅಂಗಡ್ಯಾಗಿನ ದೇವರ ಜಗಲಿ ಮ್ಯಾಲೆ ಇಡು. ದಿನಾ ಮುಂಜಾನೆ ನಾನ ಬಂದು ಹೂ ಏರಸ್ತೇನಿ."

ಕೊಟ್ರೇಶ ಹೊರಗೆ ಚಪ್ಪಲಿ ಮೆಟ್ಟುವಾಗ ನಿರ್ಮಲಾ ಹಿಂದೆ ಬಂದು ಮೆಲ್ಲಗೆ ಕೇಳಿದಳು: "ಭಾವಾರ, ಆ ಚೆಂಡುಹೂವಿನ ದೇವರು ಯಾವ ಗುಡ್ಡದಾಂವ್ರೀ?"

"ನಿನಗ ಗೊತ್ತೈತೇನವಾ?"

"ನನಗ ಕಣ್ಣು ಅದಾವಲ್ರೀ. ನೀವ ಹೇಳ್ರಿ ಅತ್ತಿಗೆ. ನಾ ಹೇಳಿದ್ರ ಚಾಡಿ ಆಗ್ತೈತಿ."

ಮರುದಿನ ಬೆಳಿಗ್ಗೆ ಆರಕ್ಕೆ ಫಕ್ಕೀರವ್ವ ಅಂಗಡಿ ಮುಂದೆ ಬಂದಳು. ಕೊಟ್ರೇಶ ಬಾಗಿಲು ತೆಗೆದು ದೀಪ ಹಚ್ಚಿದ. ಅವಳು ವಾಚಿನ ಮುಂದೆ ಹೂ ಇಟ್ಟು ಕೈಮುಗಿದಳು. ಇಬ್ಬರೂ ಮೋಟೆಬೆನ್ನೂರು ರಸ್ತೆ ಹಿಡಿದರು. ಮೂರು ತಿಂಗಳು ದಿನಾ ನಾನೂ ನಿನ್ನ ಜೊತೆ ನಡೀತೇನಿ ಎಂದು ಅವನೇ ಮಾತು ಕೊಟ್ಟಿದ್ದ.

ಮೊದಲ ದಿನ ಒಂದು ಕಿಲೋಮೀಟರಿಗೇ ಅವಳು ಮೊಣಕಾಲು ಹಿಡಿದು ನಿಂತಳು. "ಸಾಕೋ, ಹೊಳ್ಳೂಣು."

"ಮುಂದಿನ ವಾಚು ಏನು ಮಾಡ್ತೈತಿ ಗೊತ್ತೇನತ್ತಿ?" ಎಂದ ಕೊಟ್ರೇಶ, ಬೇರೇನೂ ತೋಚದೆ.

"ಏನು ಮಾಡ್ತೈತಿ?"

"ಆ ಬೇವಿನ ಗಿಡದ ತನಕ ಬಾ, ಹೇಳತೇನಿ."

ಬಂದಳು. ಸೂಜಿ ಚುಚ್ಚದೆ, ಚರ್ಮದ ಮೇಲೆ ಬೆಳಕು ಬಿಟ್ಟು ರಕ್ತದ ಸಕ್ಕರೆ ಹೇಳುವ ಚಿಪ್ಪಿನ ಕಥೆ ಬೇವಿನ ಗಿಡದಿಂದ ಮುಂದಿನ ಸೇತುವೆವರೆಗೂ ಎಳೆಯಿತು. ಸೇತುವೆಯ ಮೇಲೆ ಫಕ್ಕೀರವ್ವ ನಿಂತು ಅವನ ಮುಖ ನೋಡಿದಳು. "ಇದು ಬಂದೈತೋ, ಬರೂದೈತೋ?"

ಕೊಟ್ರೇಶ ತಡವರಿಸಿದ. "ಬರೂದೈತಿ."

"ಯಾವಾಗ?"

"ಗೊತ್ತಿಲ್ಲತ್ತಿ. ಭಾಳ ಮಂದಿ ದುಡ್ಯಾಕತ್ತಾರ ಅದಕ್ಕ."

ಗೊತ್ತಿಲ್ಲ ಎಂಬ ಮಾತು ಚಿಪ್ಪಿನ ವಿಷಯದಲ್ಲಿ ಅವನ ಬಾಯಿಂದ ಬಂದದ್ದು ಅದೇ ಮೊದಲು. ಹೇಳಿದ ಮೇಲೆ ಯಾಕೋ ಹಗುರ ಅನ್ನಿಸಿತು.

ಅಲ್ಲಿಂದ ಅದೇ ರೂಢಿಯಾಯಿತು. ದಿನಕ್ಕೆ ಎರಡು-ಮೂರು ಕಥೆ, ಕಥೆಗೊಂದು ಪ್ರಶ್ನೆ. ಬಿದ್ದರೆ ಮನೆಗೆ ತಾನೇ ಫೋನ್ ಹಚ್ಚೋ ವಾಚು? ಬಂದೈತಿ, ತುಟ್ಟಿ ವಾಚಿನಾಗ. ಟವರ್ ಇಲ್ಲದ ಕಡೆ ಆಕಾಶದಿಂದಲೇ ಮೆಸೇಜ್ ಕಳಿಸೋ ಫೋನು? ಅದೂ ಬಂದೈತಿ, ಇನ್ನೂ ನಮ್ಮ ಕಡೆ ಬರಬೇಕು. ವಾಸನೆ ಹಿಡಿಯೋ ಚಿಪ್ಪು? ಬರೂದೈತಿ.

"ಅದು ಬಂತಂದ್ರ ಫೋನು ರಾಶಿ ಮ್ಯಾಲೆ ಹಿಡದ್ರ ಸಾಕು, ಕಾಯಿ ಹಸಿ ಐತೋ ಒಣಗೈತೋ ಹೇಳ್ತೈತಿ," ಎಂದ ಒಂದು ದಿನ.

"ಅದಕ್ಕ ಚಿಪ್ ಯಾಕೋ? ಕಿವಿ ಹತ್ರ ಹಿಡದು ಅಲ್ಲಾಡಿಸಿದ್ರ ಬೀಜಾ ಗಲಗಲ ಅಂತಾವು. ಅಂದ್ರ ಒಣಗೈತಿ." ಅವಳಿಗೆ ನಗು ಬಂತು. "ನಾ ಒಂದು ಹೇಳಲೇನು, ಏನು ಬರಬೇಕು ಅಂತ?"

"ಹೇಳತ್ತಿ."

"ನನ್ನ ಕೈ ತುಂಬು ಮುರಿಯೂದು ಯಾವುದು, ರೊಟ್ಟಿ ಬಡಿಯೂದು ಯಾವುದು, ಅರಬಿ ಒಗಿಯೂದು ಯಾವುದು, ಎಲ್ಲಾ ಬ್ಯಾರೆ ಬ್ಯಾರೆ ಗುರುತು ಹಿಡಿಯೋ ವಾಚು ಬರಬೇಕು. ಮುರದ್ದು ಹನ್ನೆರಡು ಸಾವಿರ, ಬಡದ್ದು ನಲವತ್ತು ರೊಟ್ಟಿ ಅಂತ ಸಂಜಿಕ ತೋರಸಬೇಕು. ಮನ್ಯಾಗ ಕೂತು ಏನ್ ಮಾಡೀದಿ ಅಂತ ಕೇಳೋ ಗಂಡಸರ ಮಾರಿಗೆ ಹಿಡಿಯಾಕ ಬೇಕದು."

ಕೊಟ್ರೇಶ ರಸ್ತೆ ನಡುವೆ ನಿಂತುಬಿಟ್ಟ. ಇಷ್ಟು ವರ್ಷ ಯಾವ ಕಂಪನಿ ಏನು ಬಿಡುತ್ತದೆ ಅಂತ ಓದಿ ಓದಿ ಒದರಿದ್ದ. ಯಾರಿಗೆ ಏನು ಬೇಕು ಅಂತ ಒಬ್ಬರನ್ನೂ ಕೇಳಿರಲಿಲ್ಲ. "ಅತ್ತಿ, ಇದು ಬರೂದೈತಿ. ಖರೇನ ಬರ್ತೈತಿ. ಕೈ ಅಲುಗಾಟ ಕಲಿಯೋ ಚಿಪ್ಪುಗಳು ದಿನದಿಂದ ದಿನಕ್ಕ ಶಾಣ್ಯಾ ಆಗಾಕತ್ತಾವು," ಎಂದ. ಅವತ್ತು ಅಲ್ಲಾಬಕ್ಷನಿಗೂ, ಬಂದ ಗಿರಾಕಿಗಳಿಗೂ ಅದನ್ನೇ ಹೇಳಿದ, ಆದರೆ ನಮ್ಮತ್ತಿ ಹೇಳಿದ್ದು ಅಂತ ಹೇಳಿಯೇ ಹೇಳಿದ.

ದೂರವನ್ನೂ ಅವಳು ಚಿಪ್ಪಿನ ಕಥೆಗಳಲ್ಲೇ ಅಳೆಯತೊಡಗಿದಳು. "ಇವತ್ತು ಮೂರು ಚಿಪ್ಪು ನಡದ್ವಿ ನೋಡು," ಎಂದು ನಿರ್ಮಲಾಗೆ ಹೇಳುವಳು. ಎಳ್ಳಷ್ಟೂ ಆಯಾಸವಿಲ್ಲದ ಮುಖ. ಯುಗಾದಿ ಕಳೆದು ಹದಿನೈದು ದಿನಕ್ಕೆ ಹಾವೇರಿಯಲ್ಲಿ ರಕ್ತ ಕೊಟ್ಟರು. ಏಳು ಪಾಯಿಂಟ್ ನಾಲ್ಕು. ಡಾಕ್ಟರು ಕಾಗದ ಎರಡು ಸಲ ಓದಿ, "ಬರೋ ಸೋಮವಾರ ಬರ್ರಿ, ಮೊದಲ ಬಲಗಣ್ಣು ಮಾಡೂಣು," ಎಂದರು. ಫೋನಿನಲ್ಲಿ ನಿರ್ಮಲಾ ಇದನ್ನು ಹೇಳಿದಾಗ ಕೊಟ್ರೇಶ ಅಂಗಡಿಯಲ್ಲಿದ್ದವರಿಗೆಲ್ಲ ಚಹಾ ಹೇಳಿದ. ಖುಷಿಯಲ್ಲಿ ಕಣ್ಣೊರೆಸಿಕೊಂಡ. ಒರೆಸಿಕೊಳ್ಳುತ್ತ ಜಗಲಿಯ ಕಡೆ ನೋಡಿದ.

ಅತ್ತೆಗೆ ಕಣ್ಣು ಬಂದ ಮೇಲೆ ಮೊದಲು ನೋಡೋದೇ ಆ ವಾಚನ್ನು!

ಹೆದರಿಕೆಯಲ್ಲಿ ಅವತ್ತೇ ರಾಣೆಬೆನ್ನೂರಿಗೆ ಬಸ್ಸು ಹತ್ತಿದ. ನೋಡಲು ಅದೇ ಥರದ, ಆದರೆ ಫೋಟೋ ಹಾಕಲು ಬರುವ ವಾಚು ಹುಡುಕಿ ತಂದ. ಅದರಲ್ಲಿ ಖರೇ ಮೈಲಾರಲಿಂಗನ ಚಿತ್ರ ಹಾಕಿದ. ಹಳೆಯದನ್ನು ತೆಗೆದು ಇದನ್ನು ಜಗಲಿಯ ಮೇಲೆ ಇಟ್ಟರೆ ಮುಗಿಯಿತು, ಅವಳಿಗೆ ಎಂದೂ ಗೊತ್ತಾಗೋದಿಲ್ಲ. ಒಂದು ನಿಮಿಷದ ಕೆಲಸ.

ಆಪರೇಷನ್ ಆಯಿತು. ಏಳೆಂಟು ದಿನ ಅವನು ಒಬ್ಬನೇ ಮೋಟೆಬೆನ್ನೂರು ರಸ್ತೆಯಲ್ಲಿ ನಡೆದ, ರೂಢಿ ತಪ್ಪಬಾರದು ಅಂತ. ದಿನಾ ಬಂದು ಹೊಸ ವಾಚು ಕೈಗೆ ತಗೊಳ್ಳುವನು, ಜಗಲಿಯವರೆಗೆ ಹೋಗುವನು. ಅಲ್ಲಿ ಕಿವಿಯಲ್ಲಿ ಒಂದೇ ಪ್ರಶ್ನೆ ಕೇಳುತ್ತಿತ್ತು. ಬಂದೈತೋ, ಬರೂದೈತೋ? ವಾಚು ಮತ್ತೆ ಡ್ರಾಯರಿಗೆ ಹೋಗುತ್ತಿತ್ತು.

ಒಂಬತ್ತನೆಯ ದಿನ ಬೆಳಿಗ್ಗೆ ಆರಕ್ಕೆ ಫಕ್ಕೀರವ್ವ ಕಪ್ಪು ಕನ್ನಡಕ ಹಾಕಿಕೊಂಡು, ನಿರ್ಮಲಾಳ ಕೈ ಹಿಡಿದು ಬಂದಳು. ಕೈಯಲ್ಲಿ ಮಲ್ಲಿಗೆ. "ಕೊಟ್ರೇಶ, ನಿನ್ನ ತಲಿ ಇಷ್ಟು ಬೋಳು ಆಗೇತಿ ಅಂತ ಗೊತ್ತ ಇರಲಿಲ್ಲೋ!" ಎಂದು ನಕ್ಕಳು. ಜಗಲಿ ಮುಂದೆ ನಿಂತು ಕನ್ನಡಕ ತೆಗೆದಳು. ಹೂ ಏರಿಸಲು ವಾಚು ಎತ್ತಿದಳು. ಎತ್ತಿದ್ದಕ್ಕೆ ಬೆಳಕು ಬಂತು.

ಅವಳು ನೋಡಿದಳು. ಹತ್ತಿರ ಹಿಡಿದು ನೋಡಿದಳು. ಕೊಟ್ರೇಶ ಕೈಕಟ್ಟಿಕೊಂಡು ನಿಂತ.

"ಕೊಟ್ರೇಶ."

"ಹೂಂ ಅತ್ತಿ."

"ಈ ದೇವರು ಬಂದಾನೋ, ಬರಾಂವ ಅದಾನೋ?"

ಅವನಿಗೆ ಅಳು ಬಂದುಬಿಟ್ಟಿತು. "ಬಂದಿಲ್ಲತ್ತಿ. ಅದು ಚೆಂಡುಹೂವು. ಆ ವಾಚಿನಾಗ ಫೋಟೋ ಬರ್ತಿರಲಿಲ್ಲ. ನಿನ್ನ ಮಾರಿ ನೋಡಿ ಇಲ್ಲ ಅನ್ನಾಕಾಗಲಿಲ್ಲ. ಖರೇ ದೇವರು ಇರೋದು ಡ್ರಾಯರ್‌ನ್ಯಾಗ ಐತಿ. ಸುಮ್ಮನ ಬದಲಿ ಇಟ್ಟುಬಿಡಬೇಕಂತ ತಂದಿದ್ನಿ, ಇಡಾಕ ಮನಸ್ಸಾಗಲಿಲ್ಲ."

"ಮೂರು ತಿಂಗಳು ಹೂವಿಗೆ ಹೂ ಏರಿಸಿದ್ನಲ್ಲೋ, ಖೋಡಿ!" ಎಂದು ಫಕ್ಕೀರವ್ವ ಅವನ ಬೋಳುತಲೆಯ ಮೇಲೆ ಫಟ್ ಎಂದು ಒಂದು ಕೊಟ್ಟಳು. ಕೊಟ್ಟ ಕೈ ಅಲ್ಲೇ ನಿಂತಿತು. ತಲೆ ಸವರಿತು. "ಬದಲಿ ಇಟ್ಟಿದ್ರ ನನಗೇನು ತಿಳೀತಿತ್ತು? ಇಡಲಿಲ್ಲಲ್ಲ, ಅಷ್ಟ ಸಾಕು. ಮುಂದಿಂದು ಹೇಳೂದು ಬಿಡಬ್ಯಾಡ. ಅದನ್ನ ಕೇಳಿಕೋತನ ನಾ ಇಷ್ಟು ನಡದೇನಿ. ಆದ್ರ ಮುಂದಿಂದು ಅಂತ ಹೇಳೇ ಹೇಳು."

ಆಮೇಲೆ ಕುರ್ಚಿ ಎಳೆದುಕೊಂಡು ಕೂತು, ಸೀರೆ ನಿರಿಗೆ ಮೇಲೆತ್ತಿ ಬಲಗಾಲು ಮುಂದೆ ಚಾಚಿದಳು. "ಹೂವು ಅಂದ ಮ್ಯಾಲೆ ಕಾಲಿಗೆ ಕಟ್ಟಾಕ ಏನಡ್ಡಿ? ಬಗ್ಗಬ್ಯಾಡ ಅಂದಾರ ಡಾಕ್ಟರು. ನೀನ ಕಟ್ಟು."

ಕೊಟ್ರೇಶ ಮೊಣಕಾಲೂರಿ, ಬೆಲ್ಟಿನ ಕೊನೆಯ ತೂತಿಗೆ ಸಿಕ್ಕಿಸಿ ಕಟ್ಟಿದ. ನಿರ್ಮಲಾ ನಗು ತಡೆಯಲಾರದೆ ಸೆರಗು ಬಾಯಿಗೆ ಒತ್ತಿಕೊಂಡಳು. ಮಲ್ಲಿಗೆ ಡ್ರಾಯರಿನಿಂದ ಹೊರಬಂದ ಮೈಲಾರಲಿಂಗನಿಗೆ ಏರಿತು. ಮೂವರೂ ರಸ್ತೆಗಿಳಿದರು. ದಾರಿಯುದ್ದಕ್ಕೂ ಫಕ್ಕೀರವ್ವ ಅಂಗಡಿಗಳ ಬೋರ್ಡು ಓದಿದಳು, ಮರಗಳ ಹೆಸರು ಹೇಳಿದಳು, ಒಂದು ಲಾರಿಯ ಮೇಲಿನ ಚೀಲದಿಂದ ಉದುರಿದ ಕಾಯಿ ದೂರದಿಂದಲೇ ಕಂಡು "ಬಿಳಿಚೈತಿ ಅದು, ಆರಿಸಿಲ್ಲ," ಎಂದಳು.

ಹೊಳ್ಳಿ ಅಂಗಡಿಗೆ ಬಂದಾಗ ಕೊಟ್ರೇಶ ಬಗ್ಗಿ ವಾಚು ನೋಡಿದ. ನಾಲ್ಕು ಸಾವಿರದ ಇನ್ನೂರಾ ಹನ್ನೊಂದು. ಅದರಲ್ಲಿ ಒಂದೂ ಮೆಣಸಿನಕಾಯಿ ಇರಲಿಲ್ಲ.